ಬುಟ್ಟಿ ಇಳಿಸಲು ಕೊಂಡ ವಾಕಿಟಾಕಿ

ಮಾರ್ಚ್ 3, ಸೋಮವಾರ

ಎಂದಿನಂತೆ ಹನ್ನೊಂದಕ್ಕೆ ನನ್ನ ಕನ್ನಡಕದ ಅಂಗಡಿಯಿಂದ ಹೊರಬಿದ್ದೆ. ಅಕ್ಕನಿಗೆ ತರಕಾರಿ, ಮಾತ್ರೆ, ಪೇಪರ್. ಅವಳ ಕಟ್ಟಡದ ಲಿಫ್ಟ್ ಕೆಟ್ಟು ನಾಲ್ಕನೇ ತಿಂಗಳು. ಅವಳ ಸೊಂಟ, ನನ್ನ ಮಂಡಿ — ಮೂರು ಮಹಡಿ ಹತ್ತಿಳಿಯುವುದು ಇಬ್ಬರಿಗೂ ಆಗದ ಮಾತು. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಹಗ್ಗದಲ್ಲಿ ಬುಟ್ಟಿ ಇಳಿಸುತ್ತಾಳೆ. ಬಗ್ಗಿ ನೋಡಲಾರಳು. ಎಷ್ಟು ಇಳಿಸಬೇಕೆಂದು ನಾನು ಕೆಳಗಿನಿಂದ ಕೂಗಬೇಕು. ಇವತ್ತು ಪಕ್ಕದಲ್ಲಿ ಕಟ್ಟಡ ಏಳುತ್ತಿರುವ ಸೈಟಿನ ಗದ್ದಲದಲ್ಲಿ ಕೂಗು ಕೇಳಲಿಲ್ಲ. ಬುಟ್ಟಿ ಎರಡನೇ ಮಹಡಿಯವರ ಒಣಹಾಕಿದ ಸೀರೆಯ ಮೇಲೆ ಕೂತಿತು. ಬೈಸಿಕೊಂಡೆ.

ಫೋನಿನಲ್ಲಿ ಹೇಳುತ್ತೇನೆ ಎಂದರೆ, "ಫೋನ್ ಹಿಡಿದ್ರೆ ಹಗ್ಗ ಯಾರು ಹಿಡೀತಾರೆ, ನಿಮ್ಮಪ್ಪನಾ?" ಅವಳಿಗೂ ಅಪ್ಪನೇ ಅವರು.

ಮಾರ್ಚ್ 5, ಬುಧವಾರ

ವಾಕಿಟಾಕಿ ತಂದೆ. ಜೋಡಿ. ಅಂಗಡಿಯವನು ಎರಡು ತರಹ ತೋರಿಸಿದ. ಚಿಕ್ಕದಕ್ಕೆ ಲೈಸೆನ್ಸ್ ಬೇಡ, ಒಂದೆರಡು ಬೀದಿ ಮುಟ್ಟುತ್ತದೆ. ದೊಡ್ಡದಕ್ಕೆ — "ಬೇಕು ಸಾರ್, ಕಾನೂನು ಪ್ರಕಾರ. ಆದ್ರೆ ಯಾರು ಕೇಳ್ತಾರೆ?" ಬುಟ್ಟಿಗೆ ಚಿಕ್ಕದೇ ಸಾಕಿತ್ತು. ದೊಡ್ಡದರ ಆಂಟೆನಾ ಕಣ್ಣಿಗೆ ಹಿಡಿಸಿತು, ಅದನ್ನೇ ಕೊಂಡೆ. ಕಂಪ್ಯೂಟರಿಗೆ ಚುಚ್ಚಿ ಫ್ರೀಕ್ವೆನ್ಸಿ ತುಂಬಿದ. "ಒಂದು ಕೋಡ್ ಹಾಕಿದೀನಿ. ಬೇರೆ ಯಾರ ಮಾತೂ ನಿಮಗೆ ಕೇಳಲ್ಲ."

ಮಾರ್ಚ್ 6, ಗುರುವಾರ

ಅಕ್ಕ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಸೆಟ್ಟು ಕೈಗೆ ಬಂದದ್ದೇ ತಡ, ನನಗೆ ಪಾಠ ಶುರು. "ಅಕ್ಕಾ ಅಕ್ಕಾ ಅಂತ ಎಳೀಬೇಡ. ಒಂದೊಂದೇ ಮಾತು. ಗಟ್ಟಿಯಾಗಿ ಹೇಳು." ಅವಳು ಸೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಹಗ್ಗ ಹಿಡಿದಳು, ನಾನು ಹಾಗೇ ಹೇಳಿದೆ. ಬುಟ್ಟಿ ನೇರ ಕೈಗೆ ಬಂತು. ಇಬ್ಬರೂ ಮಕ್ಕಳ ಹಾಗೆ ನಕ್ಕೆವು.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಬುಟ್ಟಿ ಅರ್ಧ ಇಳಿದಿತ್ತು. ಗೋಡೆಯಾಚೆ ಸೈಟಿನಲ್ಲಿ ದೊಡ್ಡ ಸದ್ದು, ಆಮೇಲೆ ಒಂದು ಕಿರುಚಾಟ. ಕುಂಟುತ್ತ ಹೋಗಿ ನೋಡಿದೆ. ಕ್ರೇನಿನಿಂದ ಕಬ್ಬಿಣದ ಕಂತೆ ಇಳಿದು, ಕೆಳಗೆ ನಿಂತು ಕ್ರೇನಿನವನಿಗೆ ಸಿಗ್ನಲ್ ಕೊಡುವವನ ಕಾಲ ಮೇಲೆ ಕೂತಿತ್ತು. ನೋಡಬಾರದಿತ್ತು.

ಮಾರ್ಚ್ 14, ಶುಕ್ರವಾರ

ಆ ಸೈಟಿನ ವೆಲ್ಡರ್ ಕನ್ನಡಕ ರಿಪೇರಿಗೆ ಬಂದ. ಸಿಗ್ನಲ್‌ನವನ ಕಾಲು ಮಂಡಿಯಿಂದ ಕೆಳಗೆ ತೆಗೆದರಂತೆ.

"ಕ್ರೇನ್ ಆಪರೇಟರ್ ಒಂದೇ ಮಾತು ಹೇಳ್ತಾನೆ ಸಾರ್. ವಾಕಿಟಾಕೀಲಿ 'ಇಳಿಸು, ನಿಲ್ಲಿಸಬೇಡ' ಅಂತ ಕೇಳಿಸ್ತಂತೆ. ಸಿಗ್ನಲ್‌ನವನು ಬಾಯೇ ಬಿಟ್ಟಿರಲಿಲ್ಲ."

ಉಜ್ಜುವ ಮೆಷಿನ್ ಮೇಲಿದ್ದ ಲೆನ್ಸಿನ ಅಂಚು ಒಡೆಯಿತು. ಅದು ಅವತ್ತು ಬುಟ್ಟಿ ಇಳಿಸುವಾಗ ಅಕ್ಕನಿಗೆ ನಾನು ಹೇಳಿದ ಮಾತು. ಅಕ್ಷರ ಬಿಡದೆ ನನ್ನ ಮಾತು.

ಸಂಜೆ 4

ವಾಕಿಟಾಕಿ ಅಂಗಡಿಗೆ ಹೋದೆ. "ಸೈಟಿನವರೂ ನನ್ನ ಹತ್ರಾನೇ ತಗೊಂಡಿದ್ದು. ಎಲ್ಲರಿಗೂ ಅದೇ ಫ್ರೀಕ್ವೆನ್ಸಿ ತುಂಬ್ತೀನಿ," ಎಂದ, ತಲೆ ಎತ್ತದೆ. "ಅವರು ಕೋಡ್ ಬೇಡ ಅಂದ್ರು."

"ನಮ್ಮದರಲ್ಲಿ ಇದೆಯಲ್ಲಪ್ಪ?"

"ಕೋಡ್ ನಿಮ್ಮ ಕಿವಿ ಮುಚ್ಚುತ್ತೆ ಸಾರ್. ಬಾಯಿ ಮುಚ್ಚಲ್ಲ."

ಮಾರ್ಚ್ 15, ಶನಿವಾರ

ಸೆಟ್ಟಿನ ಜೊತೆ ಬಂದ ಪುಸ್ತಿಕೆ ನೋಡಿ ಕೋಡ್ ತೆಗೆದೆ. ಸೈಟಿನಲ್ಲಿ ಕೆಲಸ ಮತ್ತೆ ಶುರುವಾಗಿದೆ, ಬೇರೆ ಆಪರೇಟರ್. "ಎತ್ತು... ಎತ್ತು... ಎಡಕ್ಕೆ..." ಪಕ್ಕದಲ್ಲಿ ನಿಂತು ಹೇಳಿದಷ್ಟು ಸ್ಪಷ್ಟ. ಮೊದಲ ದಿನದಿಂದ ಅಷ್ಟೇ ಸ್ಪಷ್ಟವಾಗಿ ನಾನೂ ಅಲ್ಲಿ ಕೇಳುತ್ತಿದ್ದೆ. ಸೆಟ್ಟು ಆರಿಸಿದೆ.

ಮಾರ್ಚ್ 16, ಭಾನುವಾರ

ಇದನ್ನು ಸೆಟ್ಟಿನಲ್ಲಿ ಹೇಳಲಾಗದು. ಹತ್ತಿದೆ. ಮೂರು ಮಹಡಿಗೆ ಅರ್ಧ ಗಂಟೆ. ಅಕ್ಕ ಪೂರ್ತಿ ಕೇಳಿದಳು.

"ಮೂವತ್ತು ವರ್ಷ... ಒಂದೂ ತಪ್ಪು ಕನೆಕ್ಷನ್ ಕೊಟ್ಟವಳಲ್ಲ ನಾನು." ಆಮೇಲೆ, "ಯಾರಿಗೂ ಹೇಳಬೇಡ. ನೀನು ಒಳಗೆ ಹೋದ್ರೆ ನನಗ್ಯಾರೋ?"

ಹೇಳುವುದಿಲ್ಲ ಎಂದೆ.

ಮಾರ್ಚ್ 27, ಗುರುವಾರ

ಬರೆಯಲು ಏನೂ ಇರಲಿಲ್ಲ. ಅಥವಾ ಇತ್ತು...

ನಿನ್ನೆ ವೆಲ್ಡರ್ ಕನ್ನಡಕ ಒಯ್ಯಲು ಬಂದ. ಆಪರೇಟರನ್ನು ಕೆಲಸದಿಂದ ತೆಗೆದರಂತೆ. ಕುಡಿದಿದ್ದ ಎಂದು ಬರೆದರಂತೆ. "ಟೀ ಕೂಡ ಮುಟ್ಟದವನು ಸಾರ್." ಮತ್ತೆ ಹತ್ತಿಹೋಗಿ ಅಕ್ಕನಿಗೆ ಹೇಳಿದೆ. ಹಗ್ಗ ಸುತ್ತಿಟ್ಟಳು. "ಹೋಗು, ಹೇಳಿಬಿಡು," ಎಂದಳು.

ಇವತ್ತು ಮೊದಲು ಸೈಟಿಗೆ. ಎಂಜಿನಿಯರ್ ಬಾಗಿಲು ಹಾಕಿಕೊಂಡು ಎಲ್ಲ ಕೇಳಿಸಿಕೊಂಡ. "ಅದು ಮುಗಿದ ವಿಷಯ. ನೀವು ಮನೆಗೆ ಹೋಗಿ." ಅವರ ಸೆಟ್ಟಿಗೂ ಲೈಸೆನ್ಸ್ ಇಲ್ಲ — ಮುಖ ನೋಡಿದರೇ ಗೊತ್ತಾಯಿತು.

ಅಲ್ಲಿಂದ, ವೆಲ್ಡರ್ ಕೊಟ್ಟ ವಿಳಾಸ ಹಿಡಿದು, ಆಪರೇಟರ್ ಮನೆಗೆ. ಒಂದೇ ಕೋಣೆ. ಹೊಡೆಯುತ್ತಾನೆ ಎಂದುಕೊಂಡೇ ಹೇಳಿದೆ. ಹೊಡೆಯಲಿಲ್ಲ.

"ಕಿವಿ ಡಾಕ್ಟರ್‌ಗೆ ತೋರಿಸಿಕೊಂಡು ಬಂದೆ ಸಾರ್. ಕಿವಿ ಸರಿ ಇದೆ ಅಂದ್ರು. ಹಾಗಾದ್ರೆ ತಲೇನೇ ಕೆಟ್ಟಿದೆ ಅಂದ್ಕೊಂಡೆ. ಒಂದ್ಸಲ ಹೇಳ್ತೀರಾ? ಅವತ್ತು ಹೇಳಿದ ಹಾಗೆ."

ಸೆಟ್ಟು ಹಿಡಿದ ಹಾಗೆ ಕೈಯನ್ನು ಬಾಯಿಯ ಹತ್ತಿರ ತಂದೆ.

"ಇಳಿಸು. ನಿಲ್ಲಿಸಬೇಡ."

ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಂಡತಿ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. "ಇವರೇನಾ?" ಎಂದಳು. ಅವನು ತಲೆಯಾಡಿಸಿದ.

ಮಾರ್ಚ್ 28, ಶುಕ್ರವಾರ. ಬೆಳಿಗ್ಗೆ 10.20, ಪೊಲೀಸ್ ಠಾಣೆ

ನಡೆದದ್ದನ್ನೆಲ್ಲ ಹೇಳಿಕೆ ಕೊಡಲು ಬಂದು, ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಆಪರೇಟರ್ ಪಕ್ಕದಲ್ಲಿದ್ದಾನೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದಾನೆ. ಇಲ್ಲಿಂದ ಇಬ್ಬರೂ ಆಸ್ಪತ್ರೆಗೆ ಹೋಗಬೇಕು — ಪೊಲೀಸರು ನನ್ನನ್ನು ಹೊರಗೆ ಬಿಟ್ಟರೆ. ಕಾಲು ಕಳೆದುಕೊಂಡವನಿಗೆ ಇನ್ನೂ ಯಾರೂ ಏನೂ ಹೇಳಿಲ್ಲವಂತೆ. ಅವನಿಗೆ ಏನೆಂದು ಶುರು ಮಾಡಲಿ ಎಂದು ಆಪರೇಟರನ್ನು ಕೇಳಿದೆ. "ಮೊದಲು ಕೂತ್ಕೊಳ್ಳಿ ಸಾರ್. ನಿಂತುಕೊಂಡು ಮಾತಾಡಿಸಬೇಡಿ ಅವನನ್ನ," ಎಂದ.

ಒಳಗಿನಿಂದ ಕರೆದರು. ಆಪರೇಟರ್ ಎದ್ದ. ನನ್ನ ಮಂಡಿ ಹಿಡಿದುಕೊಂಡಿದೆ, ಎಬ್ಬಿಸಲು ಅವನು ಕೈ ಚಾಚಿದ್ದಾನೆ.