ಭಾವಮೈದುನನ ಹೆಸರಿನ ದ್ರಾಕ್ಷಿತೋಟ

ಬೋಎಡ್ರೋಮಿಯಾನ್ ತಿಂಗಳು, ೨೦

ಇವತ್ತೂ ಕೋರ್ಟಿಗೆ ಹೋದೆ. ಇವತ್ತೂ ಬಾಗಿಲು ಹಾಕಿತ್ತು. ಮೂವತ್ತು ವರ್ಷ ಪಂಚನಾಗಿ ಕೂತು ತೀರ್ಪು ಕೊಟ್ಟ ಜಾಗ. ಪಂಚನ ಗುರುತಿನ ಕಂಚಿನ ಬಿಲ್ಲೆ ಸೊಂಟದಲ್ಲೇ ಇದೆ — ನನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು, ಮೂರೂ ಕೊರೆದದ್ದು. ಅಥೆನ್ಸ್ ಯುದ್ಧ ಸೋತಾಯ್ತು. ಮ್ಯಾಸಿಡೋನಿಯಾದ ಸಿಪಾಯಿಗಳು ಬಂದರಿನ ಗುಡ್ಡ ಹತ್ತಿ ಕೂತರು. ಹಬ್ಬದ ದಿನವೇ ಬಂದರು, ದರಿದ್ರದವರು.

೨೬, ಸಂಜೆ

ಸಾರಿಬಿಟ್ಟರು. ಎರಡು ಸಾವಿರ ಬೆಳ್ಳಿ ದ್ರಾಖ್ಮಾ ಬೆಲೆಯ ಆಸ್ತಿ ಇದ್ದವನಷ್ಟೇ ಇನ್ನು ನಾಗರಿಕ. ಉಳಿದವರಿಗೆ ಸಭೆ ಇಲ್ಲ, ಮತ ಇಲ್ಲ. ಬೇಕಾದರೆ ಸಮುದ್ರದಾಚೆ ಥ್ರೇಸಿನಲ್ಲಿ ನೆಲ ಕೊಡ್ತಾರಂತೆ, ಚಳಿಯಲ್ಲಿ ಸಾಯೋಕೆ.

ಮನೆ, ಆಲಿವ್ ಮರ ಸೇರಿ ನಂದು ಸಾವಿರದ ಮುನ್ನೂರು. ದ್ರಾಕ್ಷಿತೋಟ ಸೇರಿದರೆ ದಾಟುತ್ತೆ. ಆದರೆ ತೋಟ... ನಾಲ್ಕು ವರ್ಷದ ಹಿಂದೆ ಯುದ್ಧದ ತೆರಿಗೆ ತಪ್ಪಿಸೋಕೆ ಕೀಫಿಸ್ ಹೆಸರಿಗೆ ಬರೆಸಿದ್ದೆ. ಹೆಂಡತಿಯ ತಮ್ಮ, ಮನೆಯವನೇ ಅಂತ. ಎಷ್ಟು ಜಾಣ ನಾನು ಅಂತ ಬೆನ್ನು ಬೇರೆ ತಟ್ಟಿಕೊಂಡಿದ್ದೆ.

"ನಿನ್ನ ತಮ್ಮ ವಾಪಸ್ ಬರೆದುಕೊಡ್ತಾನೆ, ಅಲ್ವಾ?" ಅಂದೆ.

ಹಬ್ರೋ ಕಾಳು ಆರಿಸ್ತಾ ಇದ್ದಳು. "ಅವನ ಹತ್ರ ಬೇರೆ ಏನಿದೆ ಅಂತ ಯೋಚನೆ ಮಾಡಿದ್ಯಾ?"

ಪ್ಯಾನೆಪ್ಸಿಯಾನ್ ತಿಂಗಳು, ೨

ಕೀಫಿಸ್ ತೋಟದಲ್ಲೇ ಇದ್ದ. ಕೂರಿಸಿದ. ವೈನು ಕೊಟ್ಟ — ನನ್ನದೇ ವೈನು.

"ಭಾವ, ತೋಟ ಸೇರಿದ್ರೆ ನಂದು ಎರಡು ಸಾವಿರದ ನೂರು. ಕೊಟ್ರೆ ನಾನು ಹಡಗು ಹತ್ತಬೇಕು."

"ತೋಟ ನಂದು ಕಣೋ."

"ನಿಂದೇ. ಯಾರು ಇಲ್ಲ ಅಂದ್ರು? ಮೂವತ್ತು ವರ್ಷ ನ್ಯಾಯ ಹೇಳಿದೀಯ. ನೀನೇ ಹೇಳು, ನನ್ನ ಜಾಗದಲ್ಲಿ ನೀನಿದ್ರೆ ಕೊಡ್ತಿದ್ಯಾ?"

ಎದ್ದು ಬಂದೆ. ನಾನಾದರೂ ಕೊಡ್ತಿರಲಿಲ್ಲ.

೫

ಊರ ಪಂಚಾಯ್ತಿ, ನಾಗರಿಕರ ಲಿಸ್ಟು ಮಾಡೋಕೆ. ದೇವರಿಗೆ ಬಲಿ ಕೊಟ್ಟ ಹಂದಿಯ ಮಾಂಸದ ಮೇಲೆ ನಿಂತು ಕೀಫಿಸ್ ಪ್ರಮಾಣ ಮಾಡಿದ, ತೋಟ ತನ್ನದು ಅಂತ. ಸುಳ್ಳು ಅಂದೆ. ಮುಖಂಡ ಪ್ರಮಾಣ ಬರೆದಿಟ್ಟ ಹಳೇ ಹಲಗೆ ತೆಗೆದ.

"ಥೂಡಿಪ್ಪೋಸ್, ನಾಲ್ಕು ವರ್ಷದ ಹಿಂದೆ ನೀನೂ ಇಲ್ಲೇ ನಿಂತು ಪ್ರಮಾಣ ಮಾಡಿದ್ಯಲ್ಲ, ತೋಟ ನಂದಲ್ಲ ಅಂತ. ಆವಾಗ ಸುಳ್ಳಾ, ಈವಾಗ ಸುಳ್ಳಾ?"

"ಇವನ ದೇವರಿಗೆ ಮರೆವು ಜಾಸ್ತಿ," ಅಂದ ಹಿಂದಿನಿಂದ ಯಾರೋ. ನಕ್ಕರು. ನಕ್ಕವರಲ್ಲೂ ಅರ್ಧ ಜನ ಲಿಸ್ಟಿನಲ್ಲಿಲ್ಲ.

ಹಬ್ರೋಗೆ ಎಲ್ಲಾ ಗೊತ್ತು. ಹೆಂಗಸಿನ ಸಾಕ್ಷಿ ಯಾರು ಕೇಳ್ತಾರೆ? ನಾನೇ ಕೋರ್ಟಿನಲ್ಲಿ ಎಷ್ಟು ಸಲ ಹಾಗಂದಿದ್ದೀನೋ.

೯

ಕೇಸು ಹಾಕೋಕೆ ಹೋದೆ. ಗುಮಾಸ್ತ ಹಳೇ ಗುರುತಿನವನು. ಮುಖ ನೋಡದೆ ಹೇಳಿದ, "ಲಿಸ್ಟಿನಲ್ಲಿರೋರು ಮಾತ್ರ ಕೇಸು ಹಾಕಬಹುದು."

"ಲಿಸ್ಟಿನಲ್ಲಿಲ್ಲ ಅಂತಾನೇ ಕೇಸು ಕಣಯ್ಯ."

"ಗೊತ್ತು. ಬಿಲ್ಲೆ ಕೊಡು."

ಕೊಡಲಿಲ್ಲ. ಮಡಿಲಲ್ಲಿ ಬಚ್ಚಿಟ್ಟುಕೊಂಡು ಓಡಿಬಂದೆ, ಈ ವಯಸ್ಸಿನಲ್ಲಿ, ಸಂತೆಯ ಮಧ್ಯೆ.

೨೪. ಬಂದರು

ಬರೆಯೋಕೆ ಮನಸ್ಸಾಗಲಿಲ್ಲ ಇಷ್ಟು ದಿನ. ಮನೆ ಮಾರಿದ್ದಾಯ್ತು, ಥ್ರೇಸಿನ ನೆಲಕ್ಕೆ ಒಪ್ಪಿದ್ದಾಯ್ತು. ಬೆಳಿಗ್ಗೆ ಕೀಫಿಸ್ ಒಂದು ಬುಟ್ಟಿ ಒಣದ್ರಾಕ್ಷಿ ತಂದ. ಎಸೀತೀನಿ ಅಂತ ಕೈ ಹಾಕಿದೆ. ಹಬ್ರೋ ಕಿತ್ತುಕೊಂಡಳು. "ಬಿಡು. ನಮ್ಮದೇ ಹಣ್ಣು." ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಅಲ್ಲೇ ನಿಂತು ಅತ್ತ. ನಾನೂ ಅತ್ತೆ.

ಹಡಗಿನ ಸಾಲಿನಲ್ಲಿ ಕೂತು ಬರೀತಿದ್ದೀನಿ. ಮುಂದೆ ಇನ್ನಿಬ್ಬರು. ಬರಕೊಳ್ಳೋನು ಹೆಸರು ಕೇಳ್ತಾನೆ, ಅಪ್ಪನ ಹೆಸರು ಕೇಳ್ತಾನೆ. ಊರಿನ ಹೆಸರು ಹೇಳೋಕೆ ಬಾಯಿ ತೆರೆದರೆ ಕೈ ಅಡ್ಡ ಹಿಡೀತಾನೆ. "ಅದು ಬೇಡ. ಥ್ರೇಸ್ ಅಂತ ಬರ್ಕೋತೀನಿ."

ನಾನು ಹೇಳೇ ಹೇಳ್ತೀನಿ. ಬಿಲ್ಲೆ ಮುಖಕ್ಕೆ ಹಿಡಿದು ಹೇಳ್ತೀನಿ. ಹಬ್ರೋ ಬುಟ್ಟಿ ಎತ್ತಿಕೊಂಡಳು. ನಮ್ಮ ಸರದಿ. ಥೂಡಿಪ್ಪೋಸ್, ಥೆಲ್ಲಿಸನ ಮಗ, ಊರು —