ಹನ್ನೊಂದು ಲಾರಿ, ಎರಡು ನಿಂಬಿಹಣ್ಣು

ಕುವೈತಿನ ಉಸುಕಿನ ನಡುವಿಂದ, ಮಂಗಳವಾರ

ಚಿಗವ್ವಗ ಮಂಗಳಾ ಮಾಡೋ ಶರಣು.

ಎಣ್ಣಿ ಬಾವಿ ಕೊರೆಯೋ ನಮ್ಮ ಕ್ಯಾಂಪ್ ಹೊಸ ಜಾಗಕ್ಕ ಹೊಂಟದ. ಅಡಗಿಮನಿ, ಆಫೀಸು, ನನ್ನ ಹಾಸಿಗಿ ಎಲ್ಲಾ ತಗಡಿನ ಕ್ಯಾರವಾನಿನೊಳಗ, ಕ್ಯಾರವಾನ್ ಲಾರಿ ಮ್ಯಾಲೆ. ಹನ್ನೊಂದು ಲಾರಿ ಸಾಲಾಗಿ ಹೊಂಟ್ರ ಒಂದು ಊರೇ ಎದ್ದು ನಡದಂಗ ಕಾಣತದ. ಎಂಜಿನಿಯರ್‌ರೊಳಗ ಹೆಣ್ಣಮಗಳು ನಾ ಒಬ್ಬಾಕಿನ.

ಹೊರಡೋ ದಿನ ಮುಂಜಾನೆ ನಮ್ಮೂರ ರೂಢಿಯಂಗ ಮುಂದಿನ ಲಾರಿ ಗಾಲಿಗೆ ಎರಡು ನಿಂಬಿಹಣ್ಣು ಇಟ್ಟು, ಅದೇ ಲಾರಿ ಹತ್ತಿ ಕುಂತೆ. ಲಾರಿ ಹಾದು ಅವು ಅಪ್ಪಚ್ಚಿ ಆದವು. ಸೇಫ್ಟಿ ಆಫೀಸರ್ ಆ ಹಸಿ ನೋಡಿ, ಏನೋ ಸೋರಾಕತ್ತದ ಅಂತ ಹನ್ನೊಂದೂ ಲಾರಿ ನಿಲ್ಲಿಸಿ ಡ್ರೈವರ್ ಗುಲ್ ಭಾಯಿನ್ನ ಬೈಯಾಕ ಹತ್ತಿದ. "ಅವಂದಲ್ಲ, ನನ್ನ ಕೆಲಸ. ದಾರ್ಯಾಗ ಏನೂ ಕೆಡಬಾರದಂತ ಇಟ್ಟ ನಿಂಬಿಹಣ್ಣು" ಅಂದೆ. "ಖಲಾಸ್, ಮುಗೀತು, ಪಿಕಪ್ ಹತ್ತಿ ಪ್ಯಾಟ್ಯಾಗಿನ ನಿಮ್ಮ ಅಬ್ಬಾಸಿಯಾ ರೂಮಿಗೆ ವಾಪಸ್ ಹೋಗ್ರಿ" ಅಂದ. ತಪ್ಪಾತು ಅಂತ ಬರದು ಕೊಟ್ಟೆ, ಲಾರಿಯಿಂದ ಮಾತ್ರ ಇಳೀಲಿಲ್ಲ.

ಧೂಳಿಗೆ ಗಂಟಲ ಕಟ್ಟ್ಯದ. ನೀ ಕಟ್ಟಿಕೊಟ್ಟ ಶುಂಠಿ ಪುಡಿ ಇನ್ನೂ ಅದ, ಕಾಳಜಿ ಮಾಡಬ್ಯಾಡ. ನೀರಿನ ಟ್ಯಾಂಕರ್ ಪ್ಯಾಟಿಗೆ ಹೊಂಟದ, ಈ ಕಾರ್ಡ್ ಅದರಾಗ ಕಳಸಬೇಕು, ಲಗೂನ ಮುಗಸ್ತೀನಿ.

ಇವತ್ತ ಮೂರನೇ ಲಾರಿ ಟೈರ್ ಒಡೀತು. ಬದಲಿಸಿ ಹೊರಡೋ ಮುಂದ ಅದೇ ಆಫೀಸರ್ ನನ್ನ ಕಿಟಕಿಗೆ ಬಂದು, ಆಕಡೆ ಈಕಡೆ ನೋಡಿ, ಮೆಲ್ಲಕ ಕೇಳಿದ: "ನಿಂಬಿಹಣ್ಣು ಇನ್ನೂ ಉಳದಾವೇನು?"

"ಅದಾವ," ಅಂದೆ. "ಈ ಸಲ ನೀವು ಬರದು ಕೊಡ್ರಿ."

ನಿನ್ನ ಮಂಗಳಾ