ಎಡಮಗ್ಗುಲಿನ ಎರಡು ಮಿಲಿಮೀಟರ್

ಜನವರಿ 8, ಗುರುವಾರ

ಮಣ್ಣಿನ ಕಾರಿನ ಬಲಬಾಗಿಲು ಮುಗಿಯಿತು. ನನ್ನ ಭುಜ ಹಿಡಿದುಕೊಂಡಿದೆ. ಉಂಗುರ, ವಾಚು ಬಿಚ್ಚಿಟ್ಟು, ಕಣ್ಣು ಮುಚ್ಚಿ ಅಂಗೈ ಆಡಿಸಿದೆ. ಹೊಸ ಕಾರನ್ನು ಮೊದಲು ಪೂರ್ತಿ ಅಳತೆಯಲ್ಲಿ ಮಣ್ಣಿನಲ್ಲಿ ಮಾಡುವ ನಮ್ಮ ಕ್ಲೇ ರೂಮಿನಲ್ಲಿ ಕಾರನ್ನು ನೋಡುವುದು ಹೀಗೇ. ಯಂತ್ರ ಎಷ್ಟೇ ಚೆನ್ನಾಗಿ ಕೊರೆದುಕೊಟ್ಟರೂ ಕೊನೆಯ ಪದರ ನಮ್ಮ ಕೈಯದು. ಆ ಯಂತ್ರಕ್ಕೆ ನಾವಿಟ್ಟ ಹೆಸರು ಅತ್ತೆ — ತಾನು ತಪ್ಪು ಮಾಡುವುದಿಲ್ಲ, ನಮ್ಮ ತಪ್ಪು ಬಿಡುವುದಿಲ್ಲ.

ಸಂಜೆ, ಲೋಹದ ಹಾಗೆ ಕಾಣಲಿ ಅಂತ, ಮಣ್ಣಿನ ಮೇಲೆ ಬೆಳ್ಳಿ ಹಾಳೆ ಅಂಟಿಸಿ ದೀಪ ಹಾಕಿದರು. ಇಪ್ಪತ್ತಾರು ವರ್ಷವಾಯಿತು, ಇನ್ನೂ ಮೈ ಜುಮ್ಮೆನ್ನುತ್ತದೆ. ಒಳಗೆ ಮರದ ಚೌಕಟ್ಟು, ಥರ್ಮಾಕೋಲು. ಎಂಜಿನ್ ಇಲ್ಲ, ಸೀಟಿಲ್ಲ. ಆದರೂ ಈಗ ಹೊರಟೇಬಿಡುತ್ತದೆ ಅನ್ನಿಸಿತು.

ಮನೆಯಲ್ಲಿ ಇವರದು, ನನ್ನ ಗಂಡನದು, ಅದೇ ರಾಗ. ಸಿಟಿ ಬಸ್ಸಿನ ಡ್ರೈವರ್ ಅಲ್ಲವೇ, ಓಡದ ಕಾರಿಗೆ ಎಂಟು ತಿಂಗಳು ಯಾಕೆ ಅಂತ ನಗುತ್ತಾರೆ. ಅಷ್ಟರಲ್ಲಿ ತಾವು ಭೂಮಿಯನ್ನೇ ಒಂದು ಸುತ್ತು ಹೊಡೆದು ಬರುತ್ತಾರಂತೆ.

ಜನವರಿ 9, ಮಧ್ಯಾಹ್ನ 1.15

ಕಂಪನಿಯ ದೊಡ್ಡ ಸಾಹೇಬರು ಮೀಟಿಂಗ್ ಕರೆದಿದ್ದರು. ಕಾರ್ ಶೋಗೆ ಈಗ ಯಾರು ಹೋಗುತ್ತಾರೆ ಅಂದರು. ಎಲ್ಲರೂ ಫೋನಿನಲ್ಲೇ ವಿಡಿಯೋ ನೋಡುತ್ತಾರೆ. ಮಾರಾಟಕ್ಕೇ ಬಾರದ ಕಾನ್ಸೆಪ್ಟ್ ಕಾರಿಗೆ ಹಾಲ್ ಯಾಕೆ, ಕಾರ್ಪೆಟ್ ಯಾಕೆ? ಈ ಸಲ ಚಾವಣಿಗೆ ಕ್ಯಾಮೆರಾ ಹಾಕುತ್ತಾರೆ. ಯಾರು ಎಲ್ಲಿ ಎಷ್ಟು ಹೊತ್ತು ನಿಂತರು ಅಂತ ಲೆಕ್ಕ. ಜನ ನಿಲ್ಲದಿದ್ದರೆ ಇದೇ ಕೊನೆಯ ಶೋ. ಶೋ ಇಲ್ಲದಿದ್ದರೆ ಮಣ್ಣಿನ ಕಾರೂ ಬೇಡ, ಕಂಪ್ಯೂಟರ್ ಸಾಕು. ಮಾರ್ಚ್‌ನಲ್ಲಿ ಕ್ಲೇ ರೂಮಿಗೆ ಬೀಗ. ನಾವು ಆರು ಜನ.

ಡಿಸೈನರ್ ಗೆರೆಯಪ್ಪನವರು ಪೆನ್ನು ತೆಗೆದರು. ಕೈಗೆ ಸಿಕ್ಕ ಕಾಗದದ ಮೇಲೆಲ್ಲ ಕಾರಿನ ಗೆರೆ ಎಳೆಯುವವರು, ಅದಕ್ಕೇ ಆ ಹೆಸರು. ಇವತ್ತು ಸಾಹೇಬರ ನೋಟಿಸಿನ ಮೇಲೇ ಎಳೆಯುತ್ತಿದ್ದರು.

ಜನವರಿ 14, ಸಂಜೆ

ಯಾರಿಗೂ ಹೇಳಿಲ್ಲ. ಇಲ್ಲಾದರೂ ಬರೆಯುತ್ತೇನೆ.

ಬೆಳಿಗ್ಗೆ ಕಾರಿನ ಮೈಯ ಅಳತೆ ತೆಗೆಯುವ ಕೊನೆಯ ಸ್ಕ್ಯಾನ್ ಆಯಿತು. ಸ್ಕ್ಯಾನ್ ಆದ ಮೇಲೆ ಯಾರೂ ಮುಟ್ಟಬಾರದು, ಬಾಗಿಲ ಮೇಲೇ ಬರೆದಿದೆ. ಮುಟ್ಟಿದೆ. ಕಣ್ಣು ಮುಚ್ಚಿ, ಸುಮ್ಮನೆ, ಕೊನೆಯ ಸಲ ಅಂತ. ಎಡಬಾಗಿಲ ಹಿಂದೆ ಕಾರಿನ ಭುಜದ ಗೆರೆ, ಕಿಟಕಿಯ ಕೆಳಗೆ ಉದ್ದಕ್ಕೂ ಓಡುವ ಉಬ್ಬು, ಸತ್ತಿತ್ತು. ಲೆಕ್ಕದ ಪ್ರಕಾರ ಸರಿ, ಆದರೆ ಸತ್ತಿತ್ತು. ಉಕ್ಕಿನ ಪಟ್ಟಿ ತೆಗೆದುಕೊಂಡು ಎರಡೇ ಎರಡು ಮಿಲಿಮೀಟರ್ ಹೆರೆದೆ. ಗೆರೆಗೆ ಜೀವ ಬಂತು... ಸತ್ಯವಾಗಿ ಬಂತು.

ಬಲಗಡೆಗೂ ಹಾಗೇ ಮಾಡಬೇಕಿತ್ತು. ಇನ್ನೇನು ಸುತ್ತಿಬರಬೇಕು, ಅಷ್ಟರಲ್ಲಿ ಅಚ್ಚು ತೆಗೆಯುವವರು ಬಕೆಟ್ಟು ಬ್ರಷ್ಷು ಹಿಡಿದು ಒಳಗೆ ಬಂದರು. ಪಟ್ಟಿ ಬೆನ್ನ ಹಿಂದೆ ಮರೆಮಾಡಿದೆ. ಸರಿದು ನಿಂತೆ. ಅವರು ಬಳಿಯುತ್ತ ಹೋದರು.

ಆ ಅಚ್ಚಿನಲ್ಲೇ ಶೋ ಕಾರಿನ ಮೈ ಎರಕ. ಈಗ ಆ ಕಾರಿಗೆ ಎಡ ಒಂದು, ಬಲ ಒಂದು.

ಫೆಬ್ರವರಿ 19, ಶೋ ಮೊದಲ ದಿನ

ಬಟ್ಟೆ ಸರಿಯಿತು. ನನ್ನ ಕಾರೇ ನನಗೆ ಗುರುತು ಸಿಗಲಿಲ್ಲ. ಕಡುಗೆಂಪು. ಮೇಲಿನ ದೀಪ ಅದರ ಬೆನ್ನಿನ ಮೇಲೆ ಜಾರಿ ಹೋಗುತ್ತಿದೆ. ಮುಂದೆ ನಿಂತವರು ಎತ್ತಿದ ಫೋನನ್ನು ಹಾಗೇ ಇಳಿಸಿದರು. ಕಣ್ಣು ತುಂಬಿ ಬಂತು. ಧೂಳು ಅಂತ ಹೇಳಿ ಒರೆಸಿಕೊಂಡೆ.

ಸಂಜೆ ಕ್ಯಾಮೆರಾ ನಕ್ಷೆ ನೋಡಿದರು. ಜನ ನಿಂತ ಜಾಗವೆಲ್ಲ ಕೆಂಪು. ಎಡಗಡೆ ಪೂರ್ತಿ ಕೆಂಪು, ಬಲಗಡೆ ಖಾಲಿ ಖಾಲಿ. ಹಾಲ್‌ನ ಬಾಗಿಲು ಆ ಕಡೆ ಇದೆ, ಅದಕ್ಕೇ ಅಂದರು ಸಾಹೇಬರು. ನಾಳೆ ಕಾರು ತಿರುಗಿಸಿ ನಿಲ್ಲಿಸಬೇಕಂತೆ.

ಫೆಬ್ರವರಿ 20

ಎಂಟು ಜನ ತಳ್ಳಿ ತಿರುಗಿಸಿದೆವು. ಜನವೂ ತಿರುಗಿ ಎಡಗಡೆಗೇ ಬಂದರು. ಸಾಹೇಬರು ದೀಪದವನನ್ನು ಕರೆಸಿದರು. ದೀಪ ಬದಲಾಯಿತು. ಜನ ಬದಲಾಗಲಿಲ್ಲ.

ವಿಡಿಯೋವನ್ನು ಒಂದೇ ದಿನಕ್ಕೆ ನಲವತ್ತು ಲಕ್ಷ ಜನ ನೋಡಿದ್ದಾರೆ. ಕಮೆಂಟು ಕೂತು ಓದಿದೆ. ಬಣ್ಣ, ಚಕ್ರ, ಬೆಲೆ. ಭುಜದ ಬಗ್ಗೆ ಒಬ್ಬರದೂ ಇಲ್ಲ. ಇಲ್ಲಿ ಬಂದವರಿಗೂ ಅದು ಗೊತ್ತಿಲ್ಲ. ಆದರೆ ಕಾಲಿಗೆ ಗೊತ್ತಿದೆ. ಏನಿದು? ಎರಡು ಮಿಲಿಮೀಟರ್‌ಗೆ ಇಷ್ಟು ಜನ ನಿಲ್ಲುತ್ತಾರೆಯೇ?

ಫೆಬ್ರವರಿ 22, ಭಾನುವಾರ

ಇವರಿಗೆ ರಜೆ, ಟಿಕೆಟ್ ಕೊಂಡು ಬಂದರು. ಇಷ್ಟು ವರ್ಷದಲ್ಲಿ ನನ್ನ ಕೆಲಸ ನೋಡಿದ್ದು ಇದೇ ಮೊದಲು. ಕೈ ಹಿಂದೆ ಕಟ್ಟಿಕೊಂಡು, ಡಿಪೋದಲ್ಲಿ ಬಸ್ಸು ನೋಡುವ ಹಾಗೆ, ಎರಡು ಸುತ್ತು ಹಾಕಿದರು. ಎಡಗಡೆ ಬಂದು ನಿಂತರು. ಏನಾದರೂ ಕುಟುಕುತ್ತಾರೆ ಅಂತ ಕಾದೆ. ಬಗ್ಗಿ ಭುಜದ ಗೆರೆ ನೋಡಿದರು.

"ಈ ಕಡೆ ಏನೋ ಮಾಡಿದೀಯ."

ಯಾಕೆ ಅಂದೆ. "ದಿನಾ ಎರಡು ಕನ್ನಡಿ ನೋಡ್ಕೊಂಡೇ ಓಡಿಸೋನು ನಾನು. ಎರಡೂ ಮಗ್ಗುಲು ಒಂದೇ ಥರ ಇಲ್ಲ ಅಂತ ಗೊತ್ತಾಗಲ್ವಾ?"

ಎಲ್ಲ ಹೇಳಿದೆ. ಕೇಳಿಸಿಕೊಂಡರು. ಮತ್ತೆ ಕಾರಿನ ಕಡೆ ತಿರುಗಿದರು. "ಇದು ಓಡದಿದ್ರೂ ಪರವಾಗಿಲ್ಲ ಕಣೇ," ಅಂದರು, ಮೆಲ್ಲಗೆ.

ಸಾಹೇಬರಿಗೆ ಹೇಳಿಬಿಡು ಅನ್ನುತ್ತಾರೆ ಇವರು. ಅವರು ಕಾರಣ ಹುಡುಕುತ್ತಿದ್ದಾರೆ, ಅದು ನಿನ್ನ ಹತ್ತಿರ ಇದೆ. ಹೌದು. ಹೇಳಿದರೆ ಶೋ ಕಾರನ್ನೇ ಕೆಡಿಸಿದವಳು ಅಂತ ಹೊರಗೆ ಹಾಕಬಹುದು. ಹೇಳದಿದ್ದರೆ ಕೀರ್ತಿ ದೀಪಕ್ಕೋ ಇನ್ಯಾವುದಕ್ಕೋ; ಜನ ನಿಂತದ್ದು ನಮ್ಮ ಕೈಕೆಲಸಕ್ಕೆ ಅಂತ ಗೊತ್ತಾಗದೆ, ಬೀಗ ನಮಗೆ. ಉಳಿದ ಐವರ ಮುಖ ಕಣ್ಣ ಮುಂದೆ ಬರುತ್ತದೆ.

ಫೆಬ್ರವರಿ 24

ಹೇಳಿದೆ. ಮೊದಲು ಗೆರೆಯಪ್ಪನವರಿಗೆ. ಬಿಳಿಚಿಕೊಂಡರು. ಆಮೇಲೆ ಕುರ್ಚಿ ಎಳೆದು ಕೂತರು. "ನಾಲ್ಕು ದಿನದಿಂದ ಆ ಗೆರೆ ನಂದು ಅಂತ ಬೀಗ್ತಿದ್ದೆನಲ್ಲಮ್ಮ," ಅಂದರು. ಅವರೇ ಜೊತೆಗೆ ಬಂದರು, ಸಾಹೇಬರ ಹತ್ತಿರ.

ನಿಯಮ ಗೊತ್ತಿತ್ತಾ ಅಂತ ಕೇಳಿದರು ಸಾಹೇಬರು. ಗೊತ್ತಿತ್ತು ಅಂದೆ. ಬಲಗಡೆ ಯಾಕೆ ಬಿಟ್ಟಿರಿ ಅಂದರು. ಭಯ ಆಯಿತು ಅಂದೆ. ಬೈಯಲಿಲ್ಲ, ಅದೇ ಹೆದರಿಕೆ. ಶೋ ಮುಗಿದ ಮೇಲೆ ಸೋಮವಾರ ಕ್ಲೇ ರೂಮಿಗೆ ಬರುತ್ತಾರಂತೆ.

ಮಾರ್ಚ್ 2, ಸೋಮವಾರ, ಬೆಳಿಗ್ಗೆ 10.40

ಬಂದರು. ಮಣ್ಣಿನ ಕಾರಿನ ಬಟ್ಟೆ ಎಳೆದೆವು. ಸ್ಕ್ಯಾನ್ ಚಿತ್ರ ನೋಡಿದರು, ಕಾರು ನೋಡಿದರು. ನನಗೇನೂ ಕಾಣಿಸುತ್ತಿಲ್ಲ ಅಂದರು. ವಾಚು ಬಿಚ್ಚಿ ಸಾರ್, ಕಣ್ಣು ಮುಚ್ಚಿ ಅಂದೆ. ಎಲ್ಲಿಂದ ಬಂತೋ ಧೈರ್ಯ. ಬಿಚ್ಚಿದರು.

ಬಲಗಡೆ ಅಂಗೈ ಆಡಿಸಿದರು. ಮುಖದಲ್ಲಿ ಏನೂ ಇಲ್ಲ. ಎಡಗಡೆಗೆ ಕರೆದುಕೊಂಡು ಬಂದೆ. ಬಾಗಿಲು ದಾಟಿತು ಕೈ. ಭುಜದ ಮೇಲೆ ಬಂದು... ನಿಂತಿತು. ವಾಪಸ್ ಹೋಯಿತು. ಮತ್ತೆ ಬಂತು. ಎಷ್ಟು ಸಲವೋ. ಅಷ್ಟು ದೊಡ್ಡ ಮನುಷ್ಯರು, ಬಾಯಿ ಸ್ವಲ್ಪ ತೆರೆದಿತ್ತು. ನಾವು ಆರೂ ಜನ ಹತ್ತಿರ ಸರಿದು ನಿಂತೆವು.

ಈಗ ಗಾಜಿನ ಕ್ಯಾಬಿನ್ನಿನಲ್ಲಿ ಗೆರೆಯಪ್ಪನವರ ಜೊತೆ ಕೂತಿದ್ದಾರೆ. ತುಟಿ ಅಲ್ಲಾಡುವುದು ಕಾಣುತ್ತದೆ, ಕೇಳುವುದಿಲ್ಲ.

11.05

ಹೊರಗೆ ಬಂದರು. ನೇರ ನನ್ನ ಹತ್ತಿರ.

"ಕ್ಲೇ ಬಿಸಿಯಾಗೋಕೆ ಎಷ್ಟು ಹೊತ್ತು ಬೇಕು?"

ಮೆದುವಾಗಿ ಬಳಿಯಲು ಬರಬೇಕಾದರೆ ಎರಡು ಗಂಟೆ ಅಂದೆ.

"ಹಾಕಿ ಹಾಗಾದ್ರೆ. ಬಲಗಡೆನೂ ಮುಗಿಸಿಕೊಡಿ. ಮುಂದಿನ ಶೋಗೆ ಎರಡೂ ಕಡೆ ಜನ ನಿಲ್ಲಬೇಕು."

ಓವನ್ ಹಾಕಿ ಬಂದೆ. ಇವರಿಗೆ ಫೋನ್ ಮಾಡಬೇಕು, ಬಸ್ಸು ಓಡಿಸುತ್ತಿರುತ್ತಾರೆ, ಎತ್ತುವುದಿಲ್ಲ. ಉಂಗುರ, ವಾಚು ಬಿಚ್ಚಿಟ್ಟೆ. ಬಲಗಡೆಗೆ ಹೊರಟೆ.